ರೇಡಿಯೇಟರಿನಲ್ಲಿ ಅರಿಶಿನ

ಅಥವಾ ಕಾರಿನ ಇಂಜಿನ್ ಬಿಸಿ ತೋರಿಸುವ ಆ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿಯೇ ಇರಲಿಲ್ಲವೇನೋ. ಮುಟ್ಟಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗಲೆಲ್ಲ ಕುಣಿಗಲ್ ಕೆರೆಯ ಏರಿ, ಏರಿಯ ಮೇಲೆ ನಿಂತ ನಮ್ಮ ಬಿಳಿ ಕಾರು, ಬಾನೆಟ್ಟಿನ ಸಂದಿಯಿಂದ ಏಳುವ ಹಬೆ, ಹಿಂದೆ ನೀರಿನ ಮೇಲೆ ಬಿದ್ದ ಬಿಸಿಲು, ಎಲ್ಲ ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಇಷ್ಟು ಚೆನ್ನಾಗಿ ಜೋಡಿಸಿಟ್ಟಂತಿರುವ ನೆನಪನ್ನು ನಂಬುವುದು ಕಷ್ಟ. ಹಬೆ ಬಂದದ್ದು ಗುಬ್ಬಿ ರಸ್ತೆಯಲ್ಲಿ, ಹೆಗ್ಗೆರೆ ದಾಟಿದ ಮೇಲೆ, ಒಂದು ಪಂಕ್ಚರ್ ಅಂಗಡಿಯ ಮುಂದೆ. ಅಲ್ಲಿದ್ದದ್ದು ಹಳೇ ಟೈರುಗಳ ಗುಡ್ಡೆ. ಕುಣಿಗಲ್‌ಗೆ ಹೋದದ್ದು ಆಮೇಲೆ, ಬೇರೆ ದಿನ. ಎರಡು ದಿನಗಳನ್ನು ಒಂದು ಮಾಡಿ, ಚೆಂದದ ಜಾಗ ಹುಡುಕಿ ಕಾರು ನಿಲ್ಲಿಸಿದವನು ನಾನೇ ಇರಬೇಕು.

ಹಾಗಾಗಿ ಸ್ವಲ್ಪ ಖಾತ್ರಿ ಇರುವ ಕಡೆಯಿಂದ ಶುರು ಮಾಡುತ್ತೇನೆ.

ಕಾರು ಅಮ್ಮನದಲ್ಲ, ಮಾವನದು. ಮಾವ ಅಂದರೆ ಅಮ್ಮನ ತಮ್ಮ. ಕುಣಿಗಲ್‌ನಲ್ಲಿ ಮನೆ, ತೆಂಗಿನಕಾಯಿ ವ್ಯಾಪಾರ. ಹೊಸ ಕಾರು ಕೊಂಡಾಗ ಹನ್ನೆರಡು ವರ್ಷದ ಹಳೆಯದನ್ನು ತಂದು ಕ್ಯಾತ್ಸಂದ್ರದ ನಮ್ಮ ಮನೆ ಮುಂದೆ ನಿಲ್ಲಿಸಿದ. 'ಸರಿಯಾಗ್ ನೋಡ್ಕಂಡ್ರೆ ಇಟ್ಕ ಅಕ್ಕ. ಕೆಡ್ಸಿದ್ರೆ ಮಾತ್ರ ವಾಪಸ್ ಎತ್ಕಂಡೋಗಿ ಮಾರ್ಬುಡ್ತೀನಿ' ಅಂದ. ತಮಾಷೆಗೆ ಅಂದದ್ದಲ್ಲ. ಅಕ್ಕ ಕಾರು ಓಡಿಸುವುದು ಅವನಿಗೆ ಇಷ್ಟವಿರಲಿಲ್ಲ. ಕೊಟ್ಟದ್ದು ಅವನ ಹೆಂಡತಿಯ ಒತ್ತಾಯಕ್ಕೆ.

ಅಮ್ಮ ಆಗ ಗುಬ್ಬಿಯಾಚೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಹೆಡ್‌ಮೇಡಂ. ಎರಡು ಬಸ್ಸು, ಆಮೇಲೆ ಸಿಕ್ಕಿದರೆ ಆಟೋ, ಇಲ್ಲದಿದ್ದರೆ ನಡಿಗೆ. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಐವತ್ಮೂರನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಹರೆಯದವರ ಜೊತೆ ಸಾಲಿನಲ್ಲಿ ನಿಂತು ಲೈಸೆನ್ಸ್ ತಗೊಂಡಳು. ಒಂದು ಸಂಜೆ ತಡವಾಗಿ ಬಂದವಳು, ಊರ್ಡಿಗೆರೆ ಕಡೆ ಹೋಗಿದ್ದೆ ಅಂದಳು. ಯಾಕೆ ಅಂದೆ. ಯಾಕೂ ಇಲ್ಲ ಅಂದಳು. ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಯಾರೂ, ಯಾಕೂ ಇಲ್ಲದೆ, ಎಲ್ಲಿಗೂ ಹೋಗಿರಲಿಲ್ಲ.

ಆದ್ದರಿಂದ ಇಂಜಿನ್ ತಂಪಾಗಿಡುವ ಕೂಲಂಟ್ ಕಡಿಮೆಯಾಗತೊಡಗಿದಾಗ ಅವಳು ಹೆದರಿದ್ದು ಇಂಜಿನ್ನಿಗಿಂತ ಹೆಚ್ಚಾಗಿ ತಮ್ಮನಿಗೆ.

ಬಾನೆಟ್ಟಿನೊಳಗೆ, ರೇಡಿಯೇಟರಿನ ಪಕ್ಕದಲ್ಲಿ, ಹಸಿರು ನೀರು ತುಂಬುವ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದಲ್ಲ, ಅದು ಹಳದಿಗಟ್ಟಿ ಅದರ ಮೇಲಿನ ಗೆರೆ ಕಾಣುತ್ತಿರಲಿಲ್ಲ. ಅಮ್ಮ ತನ್ನ ಹಣೆಗಿಡುವ ಸ್ಟಿಕ್ಕರ್ ಬೊಟ್ಟೊಂದನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಅಂಟಿಸಿದಳು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಶಾಲೆಗೆ ಹೊರಡುವ ಮೊದಲು ಬಾನೆಟ್ಟು ಎತ್ತಿ ನೋಡುವುದು ಪೂಜೆಯ ಕೊನೆಯ ಭಾಗದ ಹಾಗೆ ಆಗಿಹೋಯಿತು. ನಾಲ್ಕು ದಿನಕ್ಕೆ ನೀರು ಬೊಟ್ಟಿಗಿಂತ ಒಂದು ಬೆರಳು ಕೆಳಗೆ. ತುಂಬಿದಳು. ಮತ್ತೆ ನಾಲ್ಕು ದಿನ, ಮತ್ತೆ ಒಂದು ಬೆರಳು.

ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸ ನನ್ನದಾಯಿತು. ನಾನಾಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ವಾರದಲ್ಲಿ ಮೂರು ದಿನ ಖಾಲಿ. ಸಂಜೆ ಕಾರಿನಡಿ ಹಳೇ ಪೇಪರು ಹಾಸಿ ಬೆಳಿಗ್ಗೆ ಎಳೆದು ನೋಡುತ್ತಿದ್ದೆ. ಒಣಗಿದ ಪೇಪರು, ಒಂದು ಹಲ್ಲಿಯ ಹಿಕ್ಕೆ. ಪೈಪುಗಳ ಕೆಳಗೆ ಬೆರಳಾಡಿಸಿದೆ, ಒದ್ದೆಯಿಲ್ಲ. ಒಳಗೆ ಎಡಗಡೆ ಸೀಟಿನ ಮುಂದೆ ಕಾಲಿಡುವಲ್ಲಿ ಮ್ಯಾಟ್ ಎತ್ತಿ ಮೂಸಿದೆ, ಹೀಟರ್ ಸೋರಿದರೆ ಅಲ್ಲಿ ಸಿಹಿ ವಾಸನೆ ಬರುತ್ತದೆ ಎಂದು ಎಲ್ಲೋ ಓದಿದ್ದೆ. ಅಮ್ಮನ ಚಪ್ಪಲಿಯ ಮಣ್ಣಿನ ವಾಸನೆ ಮಾತ್ರ ಬಂತು. ನೀರು ಇಂಜಿನ್ನಿನೊಳಗೇ ಉರಿದು ಹೊಗೆ ಬೆಳ್ಳಗಾಗಿದೆಯೇ ಎಂದು ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಎದುರು ಮನೆಯ ಅಜ್ಜಿ, 'ಏನ್ಲಾ, ಏನ್ ಬಿದ್ದೋಯ್ತು?' ಎಂದು ಕೇಳಿದಳು. ಏನೂ ಬಿದ್ದಿರಲಿಲ್ಲ. ನೀರು ಎಲ್ಲಿಗೂ ಹೋಗದೆ ಹೋಗುತ್ತಿತ್ತು.

'ಮೆಕ್ಯಾನಿಕ್ಕಿಗೆ ತೋರ್ಸಮ್ಮ' ಅಂದೆ.

'ತೋರ್ಸಿದ್ರೆ ನಿಮ್ಮಾವಂಗೆ ಗೊತ್ತಾಗುತ್ತೆ ಕಣೋ. ಗುಬ್ಬೀಲಿ ಅವ್ನಿಗೆ ಗೊತ್ತಿಲ್ದೋರು ಯಾರವ್ರೆ?'

ತುಮಕೂರಿನಲ್ಲಿ ತೋರಿಸಬಹುದಿತ್ತು. ಯಾಕೆ ತೋರಿಸಲಿಲ್ಲವೋ. ಅಥವಾ ತೋರಿಸಿ, ಅವರು ಏನೂ ಇಲ್ಲ ಅಂದಿದ್ದರೋ. ಈ ಜಾಗದಲ್ಲಿ ನನ್ನ ನೆನಪು ಬರೀ ಬಿಳಿ ಹಾಳೆ.

ಅರಿಶಿನದ ವಿಷಯ ಹೇಳಿದ್ದು ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ನನ್ನ ಎದುರು ಕೂತು ತಟ್ಟೆ ಇಡ್ಲಿ ತಿನ್ನುತ್ತಿದ್ದ ಲಾರಿ ಡ್ರೈವರ್. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕಿ ಓಡಿಸುತ್ತಾರೆ, ಸಣ್ಣ ತೂತಿಗೆ ಹೋಗಿ ಕೂತುಕೊಳ್ಳುತ್ತದೆ. 'ನಮ್ಮಪ್ಪನ ಕಾಲ್ದಿಂದ್ಲೂ ಇದೇ ಔಷ್ದಿ' ಅಂದ. ಎಷ್ಟು ಹಾಕಬೇಕು ಎಂದು ನಾನು ಕೇಳಿದೆ. 'ಹುಳಿಗ್ ಹಾಕ್ದಂಗ್ ಹಾಕಿ' ಅಂದ. ಅವನು ಹೇಳಿದ್ದು ಊರು ಸೇರುವ ತನಕದ ಉಪಾಯ. ನಾನು ಕೇಳಿಸಿಕೊಂಡದ್ದು ರಿಪೇರಿ ಎಂದು.

ಅಮ್ಮ ಮಲಗಿದ್ದ ಒಂದು ಭಾನುವಾರ ಮಧ್ಯಾಹ್ನ, ಅಡುಗೆಮನೆಯ ಡಬ್ಬಿಯಿಂದ ಎರಡು ಚಮಚ ಅರಿಶಿನವನ್ನು ಲೋಟದ ನೀರಲ್ಲಿ ಕಲಸಿ ರೇಡಿಯೇಟರಿಗೆ ಸುರಿದೆ. ಎರಡು ಚಮಚ, ಇದು ನನಗೆ ಗೊತ್ತು. ಹೇಳದೆ ಮಾಡಿದ್ದಕ್ಕೆ ಕಾರಣ ಇಷ್ಟೇ: ಸರಿಹೋದ ಮೇಲೆ ಹೇಳಿದರೆ ಹೆಚ್ಚು ಖುಷಿಯಾಗುತ್ತಾಳೆ ಅಂದುಕೊಂಡಿದ್ದೆ.

ಸರಿಹೋಯಿತು. ಹತ್ತು ಹನ್ನೆರಡು ದಿನ ನೀರು ಬೊಟ್ಟಿನಿಂದ ಅಲ್ಲಾಡಲಿಲ್ಲ. ಅಮ್ಮ ಬಾನೆಟ್ಟು ಮುಚ್ಚಿ ಕೈ ಒರೆಸಿಕೊಳ್ಳುತ್ತ ಏನೋ ಗುನುಗುತ್ತಿದ್ದ ಬೆಳಗುಗಳು ಅವು. ಆಗಲೇ ಹೇಳಿಬಿಡಬಹುದಿತ್ತು. ನಾಳೆ ಹೇಳೋಣ, ಇನ್ನೊಂದು ವಾರ ನೋಡೋಣ ಎಂದು ಮುಂದೂಡಿದೆ.

ಆಮೇಲೆ ಆ ಹೆಗ್ಗೆರೆ. ನನಗೆ ರಜೆಯಿತ್ತು, ಗುಬ್ಬಿಯ ತಾಲೂಕು ಕಚೇರಿಯಲ್ಲಿ ಕೆಲಸವಿತ್ತು, ಅಮ್ಮನ ಪಕ್ಕದಲ್ಲಿ ಕೂತಿದ್ದೆ. ಮುಳ್ಳು ಮೇಲೇರಿತು. ಎಷ್ಟು ಎಂಬುದನ್ನು ಈಗ ಹೇಳಲಾರೆ. ಅಮ್ಮ ಕೂಡಲೇ ಎಡಕ್ಕೆ ತಂದು ನಿಲ್ಲಿಸಿ ಇಂಜಿನ್ ಆಫ್ ಮಾಡಿದಳು. ಹಬೆ ಬಂತು. ನಾನು ರೇಡಿಯೇಟರಿನ ಮುಚ್ಚಳ ತೆಗೆಯಲು ಹೋದೆ, ಅವಳು ನನ್ನ ಕೈ ಮೇಲೆ ಹೊಡೆದಳು. 'ಮುಖ ಬೆಂದೋಗುತ್ತೆ, ಸುಮ್ನೆ ಕೂತ್ಕೊ.' ಒಂದು ಗಂಟೆ ಟೈರುಗಳ ಪಕ್ಕ ಕೂತೆವು. ಆಮೇಲೆ ಪಂಕ್ಚರ್ ಅಂಗಡಿಯವನೇ ಗುಬ್ಬಿಯಿಂದ ಮೆಕ್ಯಾನಿಕ್ಕನನ್ನು ಕರೆಸಿದ. ಹಗ್ಗ ಕಟ್ಟಿ ಎಳೆದುಕೊಂಡು ಅವನ ಶೆಡ್ಡಿಗೆ ಹೋದೆವು.

ಮೆಕ್ಯಾನಿಕ್ ಅರವತ್ತರ ಹತ್ತಿರದವನು. ಅವನ ಮಗಳು ಅಮ್ಮನ ಹತ್ತಿರ ಓದಿದ್ದಳಂತೆ, ಹಾಗಾಗಿ 'ಟೀಚರಮ್ಮ' ಎನ್ನುತ್ತಿದ್ದ. ಒದ್ದೆ ಗೋಣಿತಟ್ಟು ಹಾಕಿ ಮುಚ್ಚಳ ತಿರುಗಿಸಿದ, ಒಳಗೆ ಬೆರಳದ್ದಿ ತೆಗೆದ. ಬೆರಳ ತುಂಬ ಹಳದಿ ಕೆಸರು. ಮೂಸಿದ. ನನ್ನ ಕಡೆ ನೋಡಲಿಲ್ಲ, ಅಮ್ಮನ ಕಡೆಯೂ ನೋಡಲಿಲ್ಲ. 'ಆಮೇಲ್ ನೋಡಣ' ಎಂದು ತಟ್ಟಿಗೆ ಒರೆಸಿಕೊಂಡ.

ಅಷ್ಟರಲ್ಲಿ ಮಾವ ಬಂದ. ಕಾಯಿ ವ್ಯಾಪಾರಕ್ಕೆ ಗುಬ್ಬಿಗೆ ಬಂದಿದ್ದವನಿಗೆ, ಅಕ್ಕನ ಕಾರನ್ನು ಹಗ್ಗದಲ್ಲಿ ಎಳೆದುಕೊಂಡು ಹೋದರು ಎಂದು ಯಾರೋ ಹೇಳಿದ್ದರು. ಅಮ್ಮ ಹೆದರಿದ್ದ ಹಾಗೇ ಆಯಿತು.

'ಸುಟ್ಟಾಕ್ದ್ಯಾ?' ಅಂದ.

'ನಿಲ್ಸಿದೆ ಕಣೋ, ಮುಳ್ಳು ಏರಿದ್ ತಕ್ಷಣ.'

'ನೀನ್ ಮುಳ್ ನೋಡ್ತಾ ಕೂತಿದ್ದೆ. ನಂಬ್ತೀನಿ ಬುಡು.'

ಮೆಕ್ಯಾನಿಕ್ ಇವರ ಮಾತಿಗೆ ಸೇರದೆ ಕೆಲಸ ಮಾಡುತ್ತಿದ್ದ. ಇಂಜಿನ್ನನ್ನು ಬಟ್ಟೆಯಿಂದ ಒರೆಸಿ ಒಣಗಿಸಿದ. ಹಳೇ ಬಾಟಲಿಯಿಂದ ರಂಗೋಲಿ ಪುಡಿಯನ್ನು ಅಂಗೈಗೆ ಸುರಿದುಕೊಂಡು, ಪೇಪರಿನ ಕೊಳವೆ ಮಾಡಿ, ಪೈಪುಗಳ ಸೇರುವೆಯ ಮೇಲೆ, ಪಂಪಿನ ಸುತ್ತ, ಊದಿದ. ಕಪ್ಪು ಇಂಜಿನ್ನು ಬೆಳ್ಳಗಾಯಿತು. ನೀರು ತುಂಬಿ ಸ್ಟಾರ್ಟ್ ಮಾಡಿ ನಮ್ಮನ್ನೆಲ್ಲ ಕರೆದ. ಬಗ್ಗಿ ನೋಡಿದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ವಾಟರ್ ಪಂಪಿನ ಕೆಳಗೆ, ಪುಡಿಯ ಮೇಲೆ, ಇರುವೆ ನಡೆದುಹೋದ ಹಾಗೆ ಸಣ್ಣದೊಂದು ಒದ್ದೆ ಗೆರೆ ಇಳಿಯಿತು.

'ಇದು ನಿಂತಾಗ ಸೋರಲ್ಲ. ಓಡ್ವಾಗ ಸೋರ್ತದೆ, ಅಲ್ಲೇ ಬಿಸೀಗ್ ಆರೋಯ್ತದೆ. ಕೆಳೀಕ್ ಪೇಪರ್ ಹಾಕಿದ್ರೆ ಕಾಣಲ್ಲ' ಅಂದ. ಪೇಪರ್ ಹಾಕಿದ್ದು ಅವನಿಗೆ ಹೇಗೆ ಗೊತ್ತಾಯಿತು ಎಂದು ಇವತ್ತಿಗೂ ಯೋಚಿಸುತ್ತೇನೆ. ಬಹುಶಃ ಎಲ್ಲರೂ ಹಾಕುತ್ತಾರೆ.

ಆಮೇಲೆ ಆಯಿಲ್ ಕಡ್ಡಿ ತೆಗೆದು ಬೆಳಕಿಗೆ ಹಿಡಿದ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದೆಯೇ ನೋಡಿದ. 'ಆಯಿಲ್ಗೆ ನೀರ್ ಸೇರಿಲ್ಲ. ಇಂಜಿನ್ ಹೆಡ್ಡು ಬಿರುಕ್ ಬಿಡ್ದೆ ಉಳ್ಕಂಡೈತೆ, ಯಜಮಾನ್ರೇ. ಇನ್ನೆರಡ್ ಕಿಲೋಮೀಟ್ರು ಓಡ್ಸಿದ್ರೆ ಇಂಜಿನ್ ಹೋಗ್ತಿತ್ತು. ಟೀಚರಮ್ಮ ಟೈಮಿಗ್ ಸರ್ಯಾಗ್ ನಿಲ್ಸವ್ರೆ.'

ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಅಷ್ಟಕ್ಕೇ ಮುಗಿದಿದ್ದರೆ ಕಾರು ವಾಪಸ್ ಕೊಡುವ ಮಾತೇ ಬರುತ್ತಿರಲಿಲ್ಲ. ಪಂಪು ಹಳೆಯದು, ಯಾರ ತಪ್ಪೂ ಅಲ್ಲ. ಆದರೆ ಮಾವ ಬಿಡುವವನಲ್ಲ.

'ಇಷ್ಟೇ ಸೋರಿದ್ರೆ ಇಷ್ಟ್ ಯಾಕ್ ಕಾಯ್ತು?'

ಮೆಕ್ಯಾನಿಕ್ ಹಳದಿ ಹತ್ತಿದ ಗೋಣಿತಟ್ಟು ತೋರಿಸಿದ. 'ಒಳಗೆ ಅರಿಶಿನ ಹಾಕವ್ರೆ. ಹಾಕಿದ್ದೂ ಜಾಸ್ತಿ. ರೇಡಿಯೇಟ್ರ್ ಕಟ್ಕಂಡೈತೆ, ನೀರ್ ತಿರುಗ್ತಾ ಇಲ್ಲ.'

'ಯಾರ್ ಹಾಕಿದ್ದು?' ಅಂದ ಮಾವ.

ಆಗ ನಾನು ಬಾಯಿ ತೆರೆದೆ ಎಂದು ನನ್ನ ನೆನಪು ಹೇಳುತ್ತದೆ. ಅದು ನನಗೆ ಅನುಕೂಲವಾದ ನೆನಪು. ತೆರೆದಿದ್ದರೆ ಮಾತು ಹೊರಗೆ ಬರುತ್ತಿತ್ತು.

'ನಾನೇ' ಅಂದಳು ಅಮ್ಮ.

ಮಾವ ನಕ್ಕ. 'ಹೆಡ್‌ಮೇಡಂ ಸಾರಿಗ್ ಹಾಕೋದ್ನ ಗಾಡಿಗ್ ಹಾಕವ್ಳೆ. ಒಂದೊಗ್ಗರಣೆ ಕೊಟ್ಬುಡು, ಮುಗೀತು.' ನಗು ನಿಲ್ಲಿಸಿ, 'ರಿಪೇರಿ ಮಾಡ್ಸು. ಬರೋ ಭಾನ್ವಾರ ಕುಣಿಗಲ್‌ಗೆ ತಂದ್ಬುಡು. ಇದು ನಿನ್ ಕೈಲಾಗೋ ಕೆಲ್ಸ ಅಲ್ಲ' ಎಂದು ಹೊರಟುಹೋದ.

ಮನೆಗೆ ಬಸ್ಸಿನಲ್ಲಿ ಬಂದೆವು. ಅವಳು ಕಿಟಕಿ ಪಕ್ಕ, ನಾನು ಈಚೆ. ಆ ದಾರಿಯಲ್ಲಿ ಏನು ಮಾತಾಡಿದೆವು ಎಂಬುದು ನೆನಪಿಲ್ಲ. ನಾನು ಒಪ್ಪಿಕೊಳ್ಳಲಿಲ್ಲ ಎಂಬುದಷ್ಟೇ ಗೊತ್ತು. ಯಾಕೆ ಸುಳ್ಳು ಹೇಳಿದೆ ಎಂದು ಅವಳನ್ನು ಕೇಳಬೇಕಾದರೆ ನಾನು ಮೊದಲು ನಿಜ ಹೇಳಬೇಕಿತ್ತು.

ಭಾನುವಾರ ಹೊರಟೆವು. ಹೊಸ ಪಂಪು, ಬಿಚ್ಚಿ ತೊಳೆದ ರೇಡಿಯೇಟರ್. ಏಪ್ರಿಲ್ ಬಿಸಿಲು. ಹೆಬ್ಬೂರಿನ ಹತ್ತಿರ ಹುಲ್ಲಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ನಿಧಾನಕ್ಕೆ ಹೋಗುವಾಗ ಮುಳ್ಳು ಒಂದಿಷ್ಟು ಅಲ್ಲಾಡಿತು. ಮೆಕ್ಯಾನಿಕ್ ಹೇಳಿಕೊಟ್ಟಿದ್ದ ಉಪಾಯ ಅಮ್ಮನಿಗೆ ನೆನಪಿತ್ತು. ಹೀಟರ್ ಪೂರ್ತಿ ಹಾಕಿದಳು. ಇಂಜಿನ್ನಿನ ಬಿಸಿ ನಮ್ಮ ಮುಖಕ್ಕೆ ಬಂತು. ಇಬ್ಬರೂ ಬೆವೆತು ತೊಪ್ಪೆಯಾದೆವು. ಅವಳ ಹಣೆಯ ವಿಭೂತಿ ಕರಗಿ ಹುಬ್ಬಿಗಿಳಿದಿತ್ತು. 'ಹೆಂಗಿದೆ ಮುಳ್ಳು?' ಎಂದು ಕೇಳುತ್ತಿದ್ದಳು. 'ಇಳೀತಿದೆ' ಅನ್ನುತ್ತಿದ್ದೆ. ಆ ಕಾರನ್ನು ಹಿಂದಿರುಗಿಸಲು ಹೋಗುತ್ತಿದ್ದೇವೆ ಎಂಬುದು ಇಬ್ಬರಿಗೂ ಮರೆತುಹೋದ ಹಾಗಿತ್ತು. ಆ ಬಿಸಿಗಾಳಿಯಲ್ಲಿ ಕೂತಷ್ಟು ಹತ್ತಿರ, ಅಷ್ಟು ಹೊತ್ತು, ಅಮ್ಮನ ಜೊತೆ ನಾನು ಆಮೇಲೆ ಎಂದೂ ಕೂತಿಲ್ಲ.

ಮಾವ ಬಾಗಿಲಲ್ಲೇ ಇದ್ದ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ಬೀಗದ ಕೈ ಕೇಳಲು ಕೈ ಚಾಚುತ್ತಾನೆ ಅಂದುಕೊಂಡೆ. ಅಮ್ಮ ಇಳಿಯಲಿಲ್ಲ. 'ಕೂತ್ಕೊ' ಅಂದಳು ತಮ್ಮನಿಗೆ, ನಾನು ಇಳಿದ ಸೀಟು ತೋರಿಸಿ. ಅವನು ಕೂತ. ಕಾರು ಕೆರೆ ಕಡೆ ತಿರುಗಿತು. ನಾನು ಅತ್ತೆ ಕೊಟ್ಟ ಮಜ್ಜಿಗೆ ಕುಡಿಯುತ್ತ ಜಗುಲಿಯಲ್ಲಿ ಕಾದೆ. ಮುಕ್ಕಾಲು ಗಂಟೆಯಾದ ಮೇಲೆ ಬಂದರು. ಮಾವ ಇಳಿದು, ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ ಅನ್ನಿಸುತ್ತದೆ. 'ಎಲೆ ಹಾಕ್ರಿ, ಹಸಿವಾಗೈತೆ' ಅಂದ. ಕಾರಿನ ಮಾತು ಮತ್ತೆ ಬರಲಿಲ್ಲ. ಸಂಜೆ ಅದರಲ್ಲೇ ವಾಪಸ್ ಬಂದೆವು. ಅಮ್ಮ ನಿವೃತ್ತಿಯಾಗುವ ತನಕ ಅದನ್ನೇ ಓಡಿಸಿದಳು.

ಇದೆಲ್ಲ ನಡೆದು ಏಳೆಂಟು ವರ್ಷ. ಇದನ್ನು ಬರೆಯಲು ಕೂತಾಗ, ಹೋದ ತಿಂಗಳು, ಅಮ್ಮನನ್ನು ಕೇಳಿದೆ. ಟೀವಿ ನೋಡುತ್ತಿದ್ದಳು.

'ಅಮ್ಮ, ಆ ಕಾರಿಗೆ ಅರಿಶಿನ ಹಾಕಿದ್ದು ಯಾರು?'

'ನಾನೇ ಅಲ್ವೇನೋ? ಒಂದ್ ಹಿಡಿ ಹಾಕಿದ್ದೆ. ಶಾಲೇಲಿ ಅಡುಗೆಯವಳು ಹೇಳಿದ್ಲು, ಅವ್ಳ ಗಂಡ ಟೆಂಪೋ ಓಡಿಸ್ತಿದ್ದ.'

'ಮಾವಂಗೆ ಕಾರಲ್ಲಿ ಏನ್ ಹೇಳ್ದೆ?'

'ಯಾವಾಗ?' ಅಂದಳು. ರಿಮೋಟ್ ಹುಡುಕತೊಡಗಿದಳು.

ಅವಳೂ ಹಾಕಿದ್ದಿರಬಹುದು; ಮೆಕ್ಯಾನಿಕ್ ಜಾಸ್ತಿ ಅಂದಿದ್ದ. ಅಥವಾ ಅಂದು ಹೇಳಿದ್ದನ್ನು ಹೇಳಿ ಹೇಳಿ ಅದೇ ಅವಳಿಗೆ ನಿಜವಾಗಿರಬಹುದು. ಅಡುಗೆಯವಳ ಗಂಡ ಟೆಂಪೋ ಓಡಿಸುತ್ತಿದ್ದದ್ದು ಮಾತ್ರ ಹೌದು, ನಾನೂ ನೋಡಿದ್ದೇನೆ. ಮಾವನಿಗೆ ನನ್ನ ಹೆಸರು ಹೇಳಿ ಕಾರು ಉಳಿಸಿಕೊಂಡಳೋ, ಹೇಳದೆಯೇ ಉಳಿಸಿಕೊಂಡಳೋ ನನಗೆ ಗೊತ್ತಿಲ್ಲ. ಎರಡು ಚಮಚ ನಾನು ಹಾಕಿದ್ದೆ ಎಂದು ಅವಳಿಗೆ ಇನ್ನೂ ಹೇಳಿಲ್ಲ.