ಸಂತರ ಕೈಯ ಕೋಲು

ಐವತ್ತರ ದಶಕದ ಕೊನೆಗೆ ನಾನು ಮೂಡಬಿದ್ರೆಯಿಂದ ಮದುವೆಯಾಗಿ ಬಂಟ್ವಾಳದ ಮನೆಗೆ ಬಂದಾಗ, ಚಾವಡಿಯ ದೇವರ ಪೀಠದ ಮೇಲೆ ಕಪ್ಪು ಹಲಗೆಯೊಂದು ತೂಗುತ್ತಿತ್ತು. ಅದು ಸಂತರೊಬ್ಬರ ಚಿತ್ರ, ಗೋವೆಯಿಂದ ಓಡಿಬಂದ ಹಿರಿಯರು ಹೊತ್ತು ತಂದದ್ದು ಎಂದರು. ಬರೆದವರು ಯಾರೆಂದು ಗೊತ್ತಿರಲಿಲ್ಲ. ಸಂತರು ಯಾರೆಂಬುದೂ ಗೊತ್ತಿಲ್ಲ ಎಂದು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ.

ಕಾಣುತ್ತಿದ್ದದ್ದು ಒಂದು ಕೈ, ಆ ಕೈಯಲ್ಲೊಂದು ಕೋಲು. ಅದು ಸಂತ ಅಂತೋನಿಯ ಲಿಲ್ಲಿ ಹೂವಿನ ದಂಟು ಎಂದು ಅತ್ತೆ. ಸಂತ ಜೋಸೆಫರ ಊರುಗೋಲು ಎಂದು ಮಾವ. ಬೆಳ್ತಂಗಡಿಯಲ್ಲಿದ್ದ ಚಿಕ್ಕಮಾವನಿಗೆ ಅದು ಸಂತ ಫ್ರಾನ್ಸಿಸ್ ಝೇವಿಯರರ ಶಿಲುಬೆ. ಯಾರೂ ಸೋಲುವವರಲ್ಲ, ಹಾಗಾಗಿ ವರ್ಷಕ್ಕೆ ಮೂವರ ಹಬ್ಬವೂ ಆಗಬೇಕು. ಹಬ್ಬಕ್ಕೆ ಮೊದಲು ಚಿತ್ರ ಹೊಳೆಯಲಿ ಎಂದು ಅತ್ತೆ ತೆಂಗಿನೆಣ್ಣೆ ತಿಕ್ಕುವರು, ಎಣ್ಣೆಗೆ ದೀಪದ ಮಸಿ ಹಿಡಿಯುವುದು, ಸಂತರು ಇನ್ನಷ್ಟು ಕಪ್ಪಾಗುವರು. ಭಕ್ತಿ ಅವರದು, ಹಬೆಯಲ್ಲಿ ಬೇಯಿಸುವ ಸನ್ನಕ್ಕೆ ಅಕ್ಕಿ ಅರೆಯುವ ರಟ್ಟೆ ನನ್ನದು. ಜೋಸೆಫರ ಹಬ್ಬ ತಪಸ್ಸುಕಾಲದಲ್ಲಿ ಬರುವುದರಿಂದ ಮಾಂಸವಿಲ್ಲ ಎಂದು ಸಮಾಧಾನಪಡುವ ಹಾಗೂ ಇರಲಿಲ್ಲ. ಬದಲಿಗೆ ಎರಡು ಬಗೆಯ ಪಾಯಸ.

ಸಂತರು ಯಾರೆಂದು ಇತ್ಯರ್ಥವಾದರೆ ಎರಡು ಹಬ್ಬವಾದರೂ ತಪ್ಪುತ್ತದೆ ಎಂದು ನನ್ನ ಲೆಕ್ಕಾಚಾರ. ಒಂದು ಅಂತೋನಿ ಹಬ್ಬದ ಬೆಳಿಗ್ಗೆ, ಅಡಿಗೆಗೆಂದು ನನ್ನನ್ನು ಬಿಟ್ಟು ಎಲ್ಲರೂ ಇಗರ್ಜಿಯ ಪೂಜೆಗೆ ಹೋದರು. ಹಂದಿಮಾಂಸ ಬೇಯುವಷ್ಟರಲ್ಲಿ ಅಂಟುವಾಳದ ನೊರೆಯಲ್ಲಿ ಬಟ್ಟೆ ಅದ್ದಿ ಚಿತ್ರವನ್ನು ಮೆಲ್ಲನೆ ಒರೆಸಿದೆ. ಮೊದಲು ತಲೆಯ ಮೇಲಿನ ಮುಸುಕು ಬಂತು, ಆಮೇಲೆ ಹೆಂಗಸಿನ ಮುಖ. ಕೋಲಿನ ತುದಿಯಲ್ಲಿ ಸೌಟು. ಬರೆದವರು ಯಾರೇ ಇರಲಿ, ಸೌಟು ಹಿಡಿಯುವ ಕ್ರಮ ಬಲ್ಲವರು.

ಊಟಕ್ಕೆ ಬಂದ ಪಾದ್ರಿಗಳು ಕನ್ನಡಕ ಏರಿಸಿ ನೋಡಿದರು. "ಇದು ಸಂತ ಮಾರ್ತಾ. ಯೇಸು ಮನೆಗೆ ಬಂದಾಗ ಒಬ್ಬಳೇ ಅಡಿಗೆಯಲ್ಲಿ ದುಡಿದವಳು. ತಂಗಿ ಸಹಾಯಕ್ಕೆ ಬರುವುದಿಲ್ಲ ಎಂದು ಯೇಸುವಿಗೇ ದೂರು ಹೇಳಿದವಳು."

ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೂರು ಹಬ್ಬಗಳೂ ತೊಲಗಿದವು ಎಂದುಕೊಂಡೆ.

"ಇವಳ ಹಬ್ಬ ಯಾವಾಗ ಫಾದರ್?" ಎಂದು ಅತ್ತೆ ಕೇಳಿದರು.

"ಬರುವ ತಿಂಗಳ ಕೊನೆಗೆ."

"ಹಾಗಾದ್ರೆ ಮಾಡುವ," ಎಂದರು ಮಾವ. "ಆದ್ರೆ ಆ ಮೂವರನ್ನು ಬಿಡ್ಲಿಕ್ಕಿಲ್ಲ. ಇಷ್ಟು ವರ್ಷ ನಮ್ಮನ್ನು ಕಾಪಾಡಿದವರಲ್ಲವಾ?"

ಹೀಗೆ ನಾಲ್ಕನೆಯ ಹಬ್ಬ ಬಂತು. ಮಾರ್ತಾಳ ಹಬ್ಬಕ್ಕೂ ಅರೆದವಳು ನಾನೇ. ಹಿಂದಿನ ದಿನ ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದಾಗ ಮಾತ್ರ ಅಡ್ಡ ನಿಂತೆ. ಆ ಮನೆಯಲ್ಲಿ ನನ್ನ ಕಡೆಯವರು ಅಂತ ಇದ್ದದ್ದು ಅವಳೊಬ್ಬಳೇ. ಅವಳ ಮುಖ ಮತ್ತೆ ಕಪ್ಪಾಗುವುದು ನನಗೆ ಬೇಕಿರಲಿಲ್ಲ.