ಅವ್ವ ಮಣ್ಣು ನೆಕ್ಕುವ ರೀತಿ

ನನ್ನ ಬಾಯಿಗೆ ಸಿಗದವರು ನಮ್ಮೂರು ಗೋಗಿಯಲ್ಲಿ ಕಡಿಮೆ. ಬಸ್ ಕಂಡಕ್ಟರು, ಶಾಲೆಯ ಮಾಸ್ತರು, ಹುಡುಗಿ ಎದುರು ಬಂದರೆ ಒಣಗುವ ನನ್ನದೇ ಗಂಟಲು, ಎಲ್ಲವನ್ನೂ ಅಣಕಿಸಿ ತೋರಿಸುತ್ತೇನೆ. ಎಲ್ಲಕ್ಕಿಂತ ಹೆಚ್ಚು ನಗು ತರುತ್ತಿದ್ದುದು ಮಾತ್ರ ಅವ್ವನ ಅಣಕು.

ಅವಳು ಮಾಳಿಗೆ ಮನೆಗಳ ಛಾವಣಿಗೆ ಮಣ್ಣು ಹಾಕುವವಳು. ಮಳೆಗಾಲಕ್ಕೆ ಮುಂಚೆ ಹಳ್ಳದ ದಂಡೆಯ ಉಪ್ಪುಪ್ಪು ಸವಳು ಮಣ್ಣು ಹರಡಿ ಬಡಿದರೆ ಮನೆ ಸೋರುವುದಿಲ್ಲ, ಬೇಸಿಗೆಯಲ್ಲೂ ತಂಪು. ಸರಿಯಾದ ಮಣ್ಣು ಯಾವುದೆಂದು ಅವಳು ತಿಳಿಯುವುದು ನಾಲಿಗೆಯಿಂದ.

ಶಹಾಪುರದಲ್ಲಿ ಹಸಿರು ಕಟ್ಟಡ ಕಟ್ಟುತ್ತಿದ್ದ ಮೈಸೂರು ಕಡೆಯ ಎಂಜಿನಿಯರ್ ಅವಳನ್ನು ಹುಡುಕಿಕೊಂಡು ಬಂದ. ಅರ್ಧ ಛಾವಣಿಗೆ ಸೋಲಾರ್, ಅರ್ಧಕ್ಕೆ ಮಣ್ಣು. ಏಸಿ ಇಲ್ಲದ ಆಫೀಸು. "ವರ್ಷಾ ವರ್ಷ ಮಣ್ಣು ಹಾಕೋ ಕೆಲ್ಸ ನಿಮ್ದೇ ಅಮ್ಮಾ," ಎಂದ. ಅವ್ವ ಇಳಿಜಾರು, ದಪ್ಪ, ಬಡಿಯುವ ಬಗೆ ಎಲ್ಲ ಹೇಳಿದಳು. ಮಣ್ಣು ಆರಿಸುವುದನ್ನು ಹೇಳಲಿಲ್ಲ. "ಅದಕ್ಕ ನಾನೇ ಬರ್ತೀನ್ರಿ," ಎಂದಳು.

ಆಮೇಲೆ ಹೋಟೆಲಿನಲ್ಲಿ ಚಹಾ ಕುಡಿಸುತ್ತ ಅವನು ನನ್ನನ್ನು ಕೇಳಿದ, "ಅಮ್ಮ ಹೇಗೆ ಆರಿಸ್ತಾರೆ?" ನನಗೆ ನೋಡುವವರು ಒಬ್ಬರಿದ್ದರೆ ಸಾಕು. ಟವೆಲನ್ನೇ ಸೆರಗು ಮಾಡಿ, ಚಿಟಿಕೆ ಮಣ್ಣು ನಾಲಿಗೆಗಿಟ್ಟಂತೆ ಮಾಡಿ, ಒಂದು ಕಣ್ಣು ಮುಚ್ಚಿದೆ. "ಥೂ, ಸಪ್ಪಗದ. ಒಯ್ದು ಬದುವಿಗಿ ಹಾಕು." ಇನ್ನೊಂದು ಚಿಟಿಕೆ. "ಹಾಂ, ನಾಲಿಗಿ ಚುರ್ ಅನ್ನಾಕತ್ತದ, ಆಮ್ಯಾಲ ಅಂಟಾಕತ್ತದ. ಇದು ನಡೀತದ." ಅವನು ನಗುತ್ತ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಮತ್ತೊಮ್ಮೆ ಆಡಿಸಿದ. ಮೂರನೇ ಸಲ ಯಾವ ಹಳ್ಳ ಎಂಬುದನ್ನೂ ಹೇಳಿಬಿಟ್ಟೆ.

ಮಳೆಗಾಲದ ಮೋಡ ಕಟ್ಟಿದರೂ ಎಂಜಿನಿಯರನ ಫೋನ್ ಬರಲಿಲ್ಲ. ಅವ್ವ ಮಣ್ಣು ಬಡಿಯುವ ಹಲಗೆ ಹಿಡಿದು, ನನ್ನನ್ನು ಕರೆದುಕೊಂಡು ಶಹಾಪುರಕ್ಕೆ ಹೋದಳು. ಛಾವಣಿಯ ಮೇಲೆ ಆಗಲೇ ನಾಲ್ವರು ಮಣ್ಣು ಬಡಿಯುತ್ತಿದ್ದರು. ಕೆಳಗೆ ಮಣ್ಣಿನ ರಾಶಿಯ ಬಳಿ ಗಾರೆ ಕೆಲಸದ ಒಬ್ಬ ಗೌಂಡಿ ಮೊಬೈಲ್ ನೋಡುತ್ತಿದ್ದ. ಅದರಲ್ಲಿ ಅವ್ವನ ದನಿ, ನನ್ನ ಮುಖ. ಅವನೂ ಚಿಟಿಕೆ ಮಣ್ಣು ನಾಲಿಗೆಗಿಟ್ಟು, ನಾನು ನಗಿಸಲೆಂದು ಸೇರಿಸಿದ್ದ ಆ ಒಂದು ಕಣ್ಣನ್ನೂ ಶ್ರದ್ಧೆಯಿಂದ ಮುಚ್ಚಿದ.

ಎಂಜಿನಿಯರ್ ಬಂದ. "ಕೆಲ್ಸ ಅವ್ವಂದೇ ಅಂದಿದ್ರಿ ಸರ್," ಎಂದೆ.

"ಎಲ್ಲಾ ವಿಡಿಯೊದಲ್ಲೇ ಇದೆಯಲ್ಲ ಮಾರಾಯ, ಅವರಿಗ್ಯಾಕೆ ತೊಂದ್ರೆ?" ಎಂದು ಬೆನ್ನು ತಟ್ಟಿದ. ಅವನನ್ನು ಅಲ್ಲೇ ಅಣಕಿಸಲು ಬಾಯಿ ತೆರೆದೆ.

ಅಷ್ಟರಲ್ಲಿ ಅವ್ವ ರಾಶಿಯ ಮಣ್ಣನ್ನು ತಾನೂ ನೆಕ್ಕಿ ನೋಡಿದಳು. "ಬರೋಬ್ಬರಿ ಅದ," ಎಂದು ಗೌಂಡಿಗೆ ಹೇಳಿ ನನ್ನ ಕಡೆ ತಿರುಗಿದಳು. "ಚೊಲೊ ಕಲಿಸಿದಿ."

ಗೋಗಿಗೆ ಹೊರಟ ಆಟೊದಲ್ಲಿ ಇಬ್ಬರಿಗೆ ಜಾಗವಿತ್ತು. ಅವಳು ಹತ್ತಿ ಕೂತು, "ಒಬ್ಬಾಕೇ ಅದೀನಿ, ನಡಿಯಪಾ," ಎಂದಳು ಡ್ರೈವರನಿಗೆ.