ಬ್ಯಾರೇಜಿನ ಕೆಳಗಿನ ಉಸುಕು

ಮಳಖೇಡದ ಹತ್ತಿರ ಕಾಗಿಣಾ ಹೊಳೆಗೆ ಕಟ್ಟಿದ ಬ್ಯಾರೇಜಿನಲ್ಲಿ ಉಸುಕು ಅಳೆಯುವ ಕೆಲಸ ನನ್ನದು. ಗೇಟುಗಳ ಹಿಂದೆ ಎಷ್ಟು ತುಂಬಿದೆ, ಕೆಳಗೆ ಎಷ್ಟು ಉಳಿದಿದೆ ಎಂದು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೋಡಬೇಕು. ಮೇಲಿನಿಂದ ಬರುವ ಉಸುಕೆಲ್ಲ ಗೇಟಿಗೆ ಬಂದು ನಿಂತುಬಿಡುತ್ತಿತ್ತು. ಕೆಳಗಡೆ ಹೊಳೆಯ ತಳದ ಹಾಸುಬಂಡೆ, ಪರಸಿ ಕಲ್ಲು, ಬಯಲಾಗಿತ್ತು. ತಳದಲ್ಲಿ ಒಯ್ಯಲು ಏನೂ ಉಳಿಯದೆ ನೀರು ದಂಡೆಗೆ ಬಾಯಿ ಹಾಕಿತ್ತು.

ಆ ದಂಡೆಯ ಹೊಲ ಒಬ್ಬ ಮುದುಕಿಯದು. ಹೊಲದ ಅಂಚಿಗೆ ಅವಳ ಮಗಳ ಸಮಾಧಿ, ಹೆರಿಗೆಯಲ್ಲಿ ಸತ್ತವಳು. ನಾನು ಹೊಳೆಗೆ ಇಳಿದದ್ದು ಕಂಡರೆ ಸಾಕು, ಮುದುಕಿ ಕೋಲೂರಿಕೊಂಡು ಬರುತ್ತಿದ್ದಳು. ಜೊತೆಗೆ ಮಗ.

“ಮಗಳಿಗಿ ಹೊಳಿ ಇನ್ನಾ ಎಷ್ಟ್ ದೂರ ಅದರಿ ಸಾಹೇಬ್ರ?”

“ದೂರ ಅದ ಯವ್ವಾ.”

“ಗೇಟ್ ತಗದು ಒಂಚೂರು ಉಸುಕ ಬಿಡಸ್ರಿ. ಆಕಿ ಕಾಲಿಗಿ ನೀರ್ ಬರಾಕತ್ತದ.”

ನನ್ನ ಮೇಲಿನ ಅಧಿಕಾರಿ ಒಮ್ಮೆ ಇದನ್ನು ಕೇಳಿ ನಕ್ಕರು. “ಎಲುಬು ತಗದು ಬ್ಯಾರೆ ಕಡಿ ಇಡ್ರಿ,” ಎಂದು ಜೀಪು ಹತ್ತಿದರು.

ಕಳೆದ ಬೇಸಿಗೆಯಲ್ಲಿ ಹೋದಾಗ ಸಮಾಧಿಯ ಕೆಳಗೆ ದಂಡೆಯ ಬುಡ ಗವಿಯ ಹಾಗೆ ಒಳಗೆ ಸರಿದಿತ್ತು. ಬತ್ತಿದ ಹೊಳೆ ಹಾಗೆ ಕೊರೆಯುವುದಿಲ್ಲ. ಮಣ್ಣಿನ ಅಡಿಯಲ್ಲಿದ್ದ ಹಳೆಯ ಉಸುಕಿನ ಪದರವನ್ನು ಯಾರೋ ಸಲಿಕೆಯಿಂದ ಎಳೆದಿದ್ದರು. ಟ್ರ್ಯಾಕ್ಟರಿನ ಗಾಲಿಯ ಗುರುತು ಮುದುಕಿಯ ಕೊಟ್ಟಿಗೆಯವರೆಗೂ ಹೋಗಿತ್ತು. ಅಲ್ಲಿ ಮಾರಲು ಜರಡಿ ಹಿಡಿದ ಉಸುಕಿನ ಗುಡ್ಡೆ.

ನಾನು ಮಗನ ಮುಖ ನೋಡಿದೆ. ಅವನು ಕಣ್ಣು ತಪ್ಪಿಸಲಿಲ್ಲ.

“ಹೊಳಿ ತಿನ್ನಾಕತ್ತದ ಯವ್ವಾ,” ಎಂದ, ತಾಯಿಯ ತೋಳು ಹಿಡಿದು. “ಹೊಳಿಗಿ ಯಾರ್ ಏನ್ ಹೇಳ್ತಾರ?”

ಆಫೀಸಿಗೆ ತಿಳಿಸಿದೆ. ಯಾರೂ ಬರಲಿಲ್ಲ.

ಮಳೆಗಾಲದಲ್ಲಿ ಗೇಟು ಎತ್ತಿದ ದಿನ ದಂಡೆ ಹೋಳಾಗಿ ಬಿತ್ತು. ನೀರು ಇಳಿದ ಮೇಲೆ ಹೋದೆ. ಸಮಾಧಿ ಇರಲಿಲ್ಲ, ಎಲುಬೂ ಸಿಕ್ಕಿರಲಿಲ್ಲ. ಮುದುಕಿ ಕೊಟ್ಟಿಗೆಯಲ್ಲಿ ಕೂತು ಹೆಸರುಕಾಳು ಕೇರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಮಗ ಮಾಡಿದ್ದನ್ನು ಹೇಳಿಬಿಟ್ಟೆ.

ಮೊರ ನಿಲ್ಲಲಿಲ್ಲ. “ಗೊತ್ತದರಿ. ಸಲಿಕಿ ಸಪ್ಪಳ ನನಗೂ ಕೇಳ್ತಿತ್ತು.”

“ಮತ್ತ ಯಾಕ ಸುಮ್ಮನಿದ್ದಿ?”

“ಸತ್ತಾಕಿ ನನಗ ರೊಟ್ಟಿ ಹಾಕ್ತಾಳೇನ್ರಿ?” ಎಂದಳು. ಮನೆಯ ಕಡೆ ನೋಡಿ, “ಅವನ ಮುಂದ ಅನಬ್ಯಾಡ್ರಿ. ಹೊಡಿತಾನ.”

ಅಷ್ಟರಲ್ಲಿ ಮಗ ಚಹಾ ತಂದ. ಕುಡಿದೆ. ಹೊಲದ ಉಳಿದ ದಂಡೆಯನ್ನೂ ಅಳೆಯಬೇಕಿತ್ತು. ಕೆಳಗಿಳಿದು ನೋಡಿದರೆ ಅದರ ಬುಡದಲ್ಲೂ ಹೊಸ ಸಲಿಕೆಯ ಗುರುತು.